ಮೈಸೂರಲ್ಲಿ ಮಂಡಿ ನೋವಿನವರಿಗೆ, ವೀಲ್‌ಚೇರ್‌ನವರಿಗೆ ಯಾವ ಅಂಗಡಿ ವಾಸಿ?

"ಅಮ್ಮನಿಗೆ ಎಪ್ಪತ್ತೆರಡು, ಮಂಡಿ ನೋವು, ಆದ್ರೂ ದಿನಸಿ ನಾನೇ ತರ್ತೀನಿ ಅಂತಾರೆ. ಎಲ್ಲಿಗೆ ಕಳಿಸೋದು?" ಈ ಥರದ ಪ್ರಶ್ನೆ ಪರಿಚಯದವರಿಂದ ಪದೇ ಪದೇ ಬರುತ್ತಿದೆ. ಇನ್ನೊಬ್ಬರ ಕಷ್ಟ ಬೇರೆ. ಗಂಡನಿಗೆ ಸ್ಟ್ರೋಕ್ ಆಗಿ ವೀಲ್‌ಚೇರ್ ಹಿಡಿದಿದ್ದಾರೆ, ಮನೆಯಲ್ಲೇ ಕೂತು ಬೇಜಾರಾಗಿದೆ, ಹೊರಗೆ ಕರೆದುಕೊಂಡು ಹೋಗೋಣ ಅಂದರೆ ಮೆಟ್ಟಿಲಿಲ್ಲದ ಅಂಗಡಿ ಸಿಗುತ್ತಿಲ್ಲ. ಮತ್ತೊಬ್ಬರು ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ಅಪ್ಪ ಅಮ್ಮ ಇಬ್ಬರೇ ಕುವೆಂಪುನಗರದಲ್ಲಿ. ಎಲ್ಲವನ್ನೂ ಆ್ಯಪ್‌ನಲ್ಲೇ ತರಿಸಿಬಿಡಲಾ ಅಂತ ಕೇಳುತ್ತಾರೆ.

ಇವರೆಲ್ಲರಿಗೂ ಒಂದೇ ಉತ್ತರ ಇಲ್ಲ. ನಮ್ಮ ಮನೆಯಲ್ಲೇ ಅತ್ತೆಗೆ ಮಂಡಿ ನೋವು, ಮಾವ ವೀಲ್‌ಚೇರ್‌ನಲ್ಲಿ. ಅತ್ತೆಗೆ ಇಷ್ಟವಾದ ಅಂಗಡಿಯೊಳಗೆ ಮಾವ ಕಾಲಿಡೋ ಹಾಗಿಲ್ಲ, ಮಾವನಿಗೆ ಅನುಕೂಲವಾದ ಕಡೆ ಅತ್ತೆ ನಡೆದೂ ನಡೆದೂ ಸುಸ್ತಾಗಿಬಿಡುತ್ತಾರೆ.

ನನ್ನ ಲೆಕ್ಕ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಸಾಮಾನು ಮನೆಗೆ ಬರೋದು ಒಂದು ಕೆಲಸ. ಅದನ್ನು ತಾನೇ ನೋಡಿ ಆರಿಸೋದು ಇನ್ನೊಂದು. ಎರಡನ್ನೂ ಒಂದೇ ಅಂಗಡಿಯಲ್ಲಿ ಮುಗಿಸಬೇಕು ಅಂತ ಹೊರಟರೆ ಯಾವ ಅಂಗಡಿಯೂ ಸರಿ ಕಾಣೋದಿಲ್ಲ. ಅಕ್ಕಿ, ಎಣ್ಣೆ, ಸೋಪಿನ ಪುಡಿ ಇವೆಲ್ಲ ಯಾರಾದರೂ ಹೊತ್ತು ತರಲಿ. ಬದನೆಕಾಯಿ, ಹೂವು, ಸೀರೆ, ಮೊಮ್ಮಗನಿಗೆ ಬಿಸ್ಕತ್ತು ಇಂಥವಕ್ಕೆ ಅವರೇ ಹೋಗಲಿ. ಹೀಗೆ ಭಾಗ ಮಾಡಿಕೊಂಡರೆ ಆಯ್ಕೆ ಸುಲಭ.

ಮೊದಲು ಏನು ನೋಡಬೇಕು

ರೇಟು ಆಮೇಲೆ. ಮೊದಲು ಬಾಗಿಲು. ಆಟೋ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಅಂಗಡಿ ಒಳಗೆ ಹೋಗಲು ಎಷ್ಟು ಮೆಟ್ಟಿಲು, ನಡುವೆ ಚರಂಡಿ ಇದೆಯಾ, ಅದರ ಮೇಲಿನ ಚಪ್ಪಡಿ ಅಲ್ಲಾಡುತ್ತದಾ. ಮೆಟ್ಟಿಲು ಇದ್ದರೂ ಹಿಡಿದುಕೊಳ್ಳಲು ಕಂಬಿ ಇದ್ದರೆ ಮಂಡಿ ನೋವಿನವರು ಹತ್ತುತ್ತಾರೆ. ವೀಲ್‌ಚೇರ್‌ಗೆ ಮಾತ್ರ ಒಂದೇ ಒಂದು ಮೆಟ್ಟಿಲು ಅಂದರೂ ಗೋಡೆಯೇ.

ರ‍್ಯಾಂಪ್ ಇದೆ ಅಂತ ಫೋನಿನಲ್ಲಿ ಹೇಳಿದರೆ ನಂಬಿ ಹೊರಡಬೇಡಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಇಳಿಜಾರು 1:12 ಇರಬೇಕು. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ಹದಿನೆಂಟು ಅಡಿ ರ‍್ಯಾಂಪ್ ಬೇಕು. ನಮ್ಮಲ್ಲಿ ಎಷ್ಟೋ ಕಡೆ ಅದೇ ಮೂರು ಮೆಟ್ಟಿಲಿಗೆ ನಾಲ್ಕು ಅಡಿ ಸಿಮೆಂಟ್ ಹಾಕಿ ರ‍್ಯಾಂಪ್ ಅಂತಾರೆ. ಅದು ಸ್ಕೂಟರ್ ಹತ್ತಿಸೋಕೆ, ಇಲ್ಲ ಮೂಟೆ ಗಾಡಿ ತಳ್ಳೋಕೆ ಮಾಡಿದ್ದು. ಅದರ ಮೇಲೆ ವೀಲ್‌ಚೇರ್ ಹತ್ತಿಸಬೇಕಾದರೆ ಹಿಂದೆ ಇಬ್ಬರು ಗಟ್ಟಿಯಾಳು ಬೇಕು, ಇಳಿಸುವಾಗ ಇನ್ನೂ ಭಯ. ಮೇಲಿಂದ ಪಾಲಿಶ್ ಗ್ರಾನೈಟ್ ಹಾಕಿಸಿದ್ದರೆ ಮಳೆಗಾಲದಲ್ಲಿ ಕೋಲು ಊರಿದ್ದೇ ಜಾರುತ್ತದೆ.

ಆಮೇಲೆ ಅಗಲ. ಬಾಗಿಲು 90 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರು ಅಡಿ ಇರಬೇಕು ಅನ್ನುತ್ತದೆ ಅದೇ ಮಾರ್ಗಸೂಚಿ. ಮಡಚುವ ಸಾಮಾನ್ಯ ವೀಲ್‌ಚೇರ್ 65 ಸೆಂಟಿಮೀಟರ್ ಸುಮಾರು ಇರುತ್ತದೆ. ಚಕ್ರ ತಳ್ಳುವ ಕೈಗಳಿಗೂ ಜಾಗ ಬೇಕಲ್ವಾ, ಅದಕ್ಕೇ ಆ ಹೆಚ್ಚುವರಿ. ಪೂರ್ತಿ ತಿರುಗಿಸಲು ಒಂದೂವರೆ ಮೀಟರ್ ಬೇಕು. ಸಾಲಿನ ಕೊನೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದುಕೊಂಡು ಬರಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಭಾರ ಎಲ್ಲಿಯವರೆಗೆ ನೀವು ಹೊರಬೇಕು. ಎಷ್ಟು ಹೊತ್ತು ನಿಲ್ಲಬೇಕು. ಕೂರಲು ಒಂದು ಸ್ಟೂಲಾದರೂ ಇದೆಯಾ. ಶೌಚಾಲಯ ಇದೆಯಾ, ಇದ್ದರೆ ಬೀಗ ಹಾಕಿಟ್ಟಿದ್ದಾರಾ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ತೊಂದರೆ ಇರುವವರು ಮನೆಯಿಂದ ಹೊರಡಲು ಹಿಂಜರಿಯುವುದು ಎಷ್ಟೋ ಸಲ ಕಾಲು ನೋವಿಗಲ್ಲ, ಇದಕ್ಕೇ. ಬಾಯಿಬಿಟ್ಟು ಹೇಳೋದಿಲ್ಲ ಅಷ್ಟೇ.

ಬೀದಿ ಕೊನೆಯ ದಿನಸಿ ಅಂಗಡಿ

ಇದಕ್ಕೆ ಟ್ರಾಲಿಯೂ ಇಲ್ಲ, ರ‍್ಯಾಂಪೂ ಇಲ್ಲ. ಆದರೂ ವಯಸ್ಸಾದವರಿಗೆ ನಾನು ಮೊದಲು ಹೇಳೋದು ಇದನ್ನೇ. ಅಂಗಡಿಯೊಳಗೆ ಹೋಗುವ ಅಗತ್ಯವೇ ಇಲ್ಲ. ಕಟ್ಟೆ ಕೆಳಗೆ ನಿಂತು ಕೂಗಿದರೆ ಸಾಕು, ಬೇಳೆ ಬೆಲ್ಲ ಕಟ್ಟಿ ಕೊಡುತ್ತಾರೆ. ಚೀಟಿ ಬರೆದು ಕೊಟ್ಟು ಬಂದರೆ ಸಂಜೆಯೊಳಗೆ ಹುಡುಗ ಸೈಕಲ್ಲಿನಲ್ಲೋ ಸ್ಕೂಟರಲ್ಲೋ ತಂದಿಡುತ್ತಾನೆ. ಈಗ ಚೀಟಿಯ ಫೋಟೋ ತೆಗೆದು ವಾಟ್ಸ್ಯಾಪ್ ಮಾಡಿದರೂ ಆಯಿತು. ಜೀರಿಗೆ ಐವತ್ತು ಗ್ರಾಂ ಸಾಕು ಅಂದರೆ ಐವತ್ತೇ ಕೊಡುತ್ತಾರೆ. ತಂದ ತೊಗರಿಬೇಳೆಯಲ್ಲಿ ಹುಳ ಕಂಡರೆ ಬಿಲ್ಲು ಎಲ್ಲಿ ಅಂತ ಕೇಳದೆ ಬದಲಾಯಿಸುತ್ತಾರೆ. ಗುರುತಿನವರಾದರೆ ದುಡ್ಡು ತಿಂಗಳ ಕೊನೆಗೆ, ಪುಸ್ತಕದಲ್ಲಿ ಬರೆದುಕೊಂಡು.

ಕೊರತೆಯೂ ಇದೆ. ರೇಟು ಮಾರ್ಟ್‌ಗಿಂತ ಜಾಸ್ತಿ, ಪ್ಯಾಕೆಟ್ ಸಾಮಾನು ಎಂಆರ್‌ಪಿಗೇ. ಆಯ್ಕೆ ಕಮ್ಮಿ. ಕೌಂಟರ್ ಎದೆಮಟ್ಟಕ್ಕಿರುತ್ತದೆ, ವೀಲ್‌ಚೇರ್‌ನಲ್ಲಿ ಕೂತವರಿಗೆ ಒಳಗೇನಿದೆ ಅಂತ ಕಾಣೋದಿಲ್ಲ, ಅಂಗಡಿಯವರಿಗೂ ಇವರು ಕಾಣೋದಿಲ್ಲ. ಸಂಜೆ ಆರರ ಮೇಲೆ ನಾಲ್ಕು ಜನ ಒಟ್ಟಿಗೆ ಕೂಗುವಾಗ ಮೆಲ್ಲಗೆ ಮಾತಾಡುವ ಅಜ್ಜಿಯ ಸರದಿ ಬರೋದು ಕೊನೆಗೆ. ಬೆಳಿಗ್ಗೆ ಹತ್ತೂವರೆ ಮೇಲೆ ಹೋದರೆ ಈ ತಾಪತ್ರಯ ಇರೋದಿಲ್ಲ. ಅಂಗಡಿಯವರಿಗೂ ಮಾತಾಡಲು ಪುರುಸೊತ್ತು.

ಮಂಡ್ಯದವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯ. ಪೇಟೆ ಬೀದಿಯ ಗಿಜಿಗಿಜಿಯಲ್ಲಿ ಕೋಲು ಹಿಡಿದು ನಡೆಯೋದಕ್ಕಿಂತ, ಮನೆ ಹತ್ತಿರದ ಒಂದು ಅಂಗಡಿಯನ್ನು ಗುರುತು ಮಾಡಿಕೊಂಡು ತಿಂಗಳ ಚೀಟಿ ಕೊಡೋದು ಎಷ್ಟೋ ವಾಸಿ. ದೊಡ್ಡ ಅಂಗಡಿಯೇ ಬೇಕು ಅಂದರೆ ನೂರಡಿ ರಸ್ತೆ ಕಡೆ ನೋಡಿ. ಅಲ್ಲಾದರೆ ಆಟೋ ನಿಲ್ಲಿಸಿ ನಿಧಾನವಾಗಿ ಇಳಿಸಲು ಜಾಗ ಸಿಗುತ್ತದೆ.

ಸೂಪರ್ ಮಾರ್ಕೆಟ್, ದೊಡ್ಡ ಮಾರ್ಟ್

ಮೈಸೂರಿಗೆ ಈ ಆಯ್ಕೆ ಧಾರಾಳವಾಗಿದೆ. ನಮ್ಮೂರಿನದೇ ಆದ ಲಾಯಲ್ ವರ್ಲ್ಡ್‌ನಿಂದ ಹಿಡಿದು ಡಿಮಾರ್ಟ್, ಮೋರ್ ವರೆಗೆ. ಇಲ್ಲಿ ಮಳಿಗೆಯ ಹೆಸರಿಗಿಂತ ಶಾಖೆ ನೋಡಬೇಕು. ಒಂದೇ ಹೆಸರಿನ ಎರಡು ಶಾಖೆಯಲ್ಲಿ ಒಂದು ನೆಲಮಟ್ಟದಲ್ಲಿ, ಇನ್ನೊಂದು ಮೊದಲ ಮಹಡಿಯಲ್ಲಿ ಇರಬಹುದು. ಆದ್ದರಿಂದ "ಆ ಮಾರ್ಟ್ ಒಳ್ಳೇದು" ಅಂತ ಯಾರಾದರೂ ಹೇಳಿದರೆ "ಯಾವ ಬಡಾವಣೆಯದು?" ಅಂತ ಕೇಳಿ.

ಮಾರ್ಟ್‌ನ ದೊಡ್ಡ ಲಾಭ ಟ್ರಾಲಿ. ಸಾಮಾನು ಹೊರೋದು ತಪ್ಪುತ್ತದೆ ಅನ್ನೋದು ಒಂದು. ಇನ್ನೊಂದು ಯಾರೂ ಹೇಳದ ಲಾಭ: ಕೋಲು ಹಿಡಿಯಲು ನಾಚುವವರು ಟ್ರಾಲಿ ಹಿಡಿದು ಆರಾಮಾಗಿ ನಡೆಯುತ್ತಾರೆ. ನಮ್ಮ ಅತ್ತೆ ಮನೆ ಅಂಗಳದಲ್ಲಿ ಗೋಡೆ ಹಿಡಿದು ನಡೆಯುವವರು, ಟ್ರಾಲಿ ಸಿಕ್ಕಿದರೆ ಎರಡು ಸುತ್ತು ಹಾಕುತ್ತಾರೆ. ಆದರೆ ಟ್ರಾಲಿ ವಾಕರ್ ಅಲ್ಲ, ಅದಕ್ಕೆ ಬ್ರೇಕ್ ಇಲ್ಲ. ಖಾಲಿ ಟ್ರಾಲಿಯ ಮೇಲೆ ಭಾರ ಬಿಟ್ಟು ಒರಗಿದರೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದಕ್ಕೆ ಓಡುತ್ತದೆ. ಅದಕ್ಕೆ ಒಂದು ಉಪಾಯ. ಒಳಗೆ ಹೋದ ತಕ್ಷಣ ಐದು ಕೆಜಿ ಅಕ್ಕಿಯನ್ನೋ ಗೋಧಿ ಹಿಟ್ಟನ್ನೋ ಯಾರಿಂದಾದರೂ ಟ್ರಾಲಿಯೊಳಗೆ ಇಡಿಸಿ. ತೂಕ ಬಿದ್ದ ಮೇಲೆ ಅದು ಹದವಾಗಿ ಉರುಳುತ್ತದೆ. ಚಕ್ರ ಒಂದು ಕಡೆ ಎಳೆಯುವ ಟ್ರಾಲಿ ಸಿಕ್ಕಿದರೆ ಬಾಗಿಲಲ್ಲೇ ಬದಲಾಯಿಸಿ, ಅದನ್ನು ನೇರ ಮಾಡುತ್ತಾ ಹೋಗುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ.

ಕೈಬುಟ್ಟಿ ಬೇಡವೇ ಬೇಡ. ಎರಡು ಲೀಟರ್ ಎಣ್ಣೆ, ಒಂದು ಕೆಜಿ ಸಕ್ಕರೆ ಹಾಕಿದ ಮೇಲೆ ಒಂದೇ ಕೈಗೆ ಪೂರ್ತಿ ಭಾರ, ಇನ್ನೊಂದು ಕೈಯಲ್ಲಿ ಕೋಲು. ಮೈ ಒಂದು ಕಡೆ ವಾಲುತ್ತದೆ. ಬೀಳೋದು ಹೀಗೇ.

ಈಗ ಟ್ರಾಲಿ ನಿಯಮಕ್ಕೆ ಬರೋಣ. ಮಳಿಗೆಗಳು ಮೂರು ಥರ. ಕೆಲವು ಕಡೆ ಟ್ರಾಲಿ ಬಿಲ್ಲಿಂಗ್ ಕೌಂಟರಿಗೇ ಮುಗಿಯುತ್ತದೆ, ಅಲ್ಲಿಂದ ಚೀಲ ನೀವೇ ಹೊರಬೇಕು. ಕೆಲವು ಕಡೆ ಬಾಗಿಲವರೆಗೆ ಬಿಡುತ್ತಾರೆ, ಅಲ್ಲಿ ಕಂಬ ನೆಟ್ಟು ತಡೆದಿರುತ್ತಾರೆ. ಕೆಲವು ಕಡೆ ಮಾತ್ರ ಪಾರ್ಕಿಂಗ್‌ನಲ್ಲಿ ನಿಮ್ಮ ಗಾಡಿವರೆಗೂ ಬಿಡುತ್ತಾರೆ. ಹೊರಗೆ ಬಿಡದಿರುವುದಕ್ಕೆ ಅವರಿಗೂ ಕಾರಣ ಇದೆ. ಟ್ರಾಲಿ ರಸ್ತೆಗೆ ಹೋಗುತ್ತದೆ, ನಿಲ್ಲಿಸಿದ ಕಾರಿಗೆ ಗುದ್ದುತ್ತದೆ, ಕಾಣೆಯೂ ಆಗುತ್ತದೆ. ಅದು ಒಪ್ಪುವ ಮಾತೇ. ಆದರೆ ಟ್ರಾಲಿ ಬಿಡದ ಮಳಿಗೆ ಚೀಲ ಹೊರಲು ಒಬ್ಬ ಹುಡುಗನನ್ನಾದರೂ ಕಳಿಸಬೇಕು. ಎರಡೂ ಇಲ್ಲ ಅನ್ನುವ ಕಡೆಗೆ ಎಷ್ಟೇ ಆಫರ್ ಇರಲಿ, ಒಂಟಿ ಹಿರಿಯರನ್ನು ಕಳಿಸಬೇಡಿ. ಹೋಗುವ ಮೊದಲೇ ಫೋನ್ ಮಾಡಿ "ಟ್ರಾಲಿ ಆಟೋವರೆಗೆ ಬಿಡ್ತೀರಾ, ಇಲ್ಲಾಂದ್ರೆ ಯಾರಾದ್ರೂ ಹಿಡ್ಕೊಂಡು ಬರ್ತಾರಾ?" ಅಂತ ಕೇಳಿಬಿಡಿ. ಉತ್ತರ ಕೊಡುವ ಧಾಟಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಬಿಲ್ಲಿಂಗ್ ಕೌಂಟರ್ ಇನ್ನೊಂದು ಕಷ್ಟದ ಜಾಗ. ಟ್ರಾಲಿ ಆಳವಾಗಿರುತ್ತದೆ. ತಳದಲ್ಲಿರುವ ಅಕ್ಕಿ ಮೂಟೆಯನ್ನು ಬಗ್ಗಿ ಎತ್ತಿ ಮೇಲಿಡಬೇಕು, ಬಿಲ್ ಆದ ಮೇಲೆ ಮತ್ತೆ ಕೆಳಗಿಡಬೇಕು. ಸೊಂಟ ನೋವಿನವರಿಗೆ ಅಂಗಡಿ ಸುತ್ತಿದ್ದಕ್ಕಿಂತ ಇದೇ ಜಾಸ್ತಿ ನೋಯಿಸುತ್ತದೆ. ಇದನ್ನು ಎತ್ತಲೇಬೇಕಿಲ್ಲ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬಹಳಷ್ಟು ಕೌಂಟರ್‌ಗಳಲ್ಲಿ ಇರುತ್ತದೆ, "ಅದನ್ನು ಅಲ್ಲೇ ಸ್ಕ್ಯಾನ್ ಮಾಡಪ್ಪ" ಅಂದರೆ ಮಾಡುತ್ತಾರೆ. ಮೂಟೆ ಇಡುವಾಗ ಬಾರ್‌ಕೋಡ್ ಮೇಲಕ್ಕೆ ಬರುವ ಹಾಗೆ ಇಡಿಸಿದ್ದರೆ ಇನ್ನೂ ಸಲೀಸು.

ಬಾಗಿಲಲ್ಲಿ ಚೀಲಕ್ಕೆ ಪ್ಲಾಸ್ಟಿಕ್ ಟ್ಯಾಗ್ ಬಿಗಿಯುವ ಪದ್ಧತಿ ಗೊತ್ತಲ್ವಾ, ಅದರ ಬಗ್ಗೆ ಒಂದು ಎಚ್ಚರಿಕೆ. ಒಂದು ಮಾರ್ಟ್‌ನಲ್ಲಿ ಅತ್ತೆಯ ಕೈಚೀಲಕ್ಕೆ ಹೀಗೆ ಟ್ಯಾಗ್ ಬಿಗಿದರು. ಸಾಲಿನಲ್ಲಿ ನಿಂತಾಗ ಸಕ್ಕರೆ ಇಳಿದು ತಲೆ ಸುತ್ತಿದ ಹಾಗಾಯಿತು. ಪೆಪ್ಪರ್‌ಮೆಂಟು, ನೀರು ಎರಡೂ ಆ ಚೀಲದೊಳಗೆ. ಟ್ಯಾಗ್ ಕತ್ತರಿಸಲು ಸೆಕ್ಯುರಿಟಿಯವರನ್ನು ಹುಡುಕಿಕೊಂಡು ಹೋಗಬೇಕಾಯಿತು. ಅವತ್ತಿನಿಂದ ಪೆಪ್ಪರ್‌ಮೆಂಟು ಸೆರಗಿನ ಗಂಟಲ್ಲಿ, ನೀರಿನ ಬಾಟಲಿ ಟ್ರಾಲಿಯ ಮುಂದಿನ ಮಗು ಕೂರಿಸುವ ಜಾಗದಲ್ಲಿ. ಮಾತ್ರೆ, ನೀರು ಇರುವ ಚೀಲಕ್ಕೆ ಟ್ಯಾಗ್ ಬೇಡ ಅಂತ ಧೈರ್ಯವಾಗಿ ಹೇಳಿ, ಬೇಕಾದರೆ ಹೊರಗೆ ಬರುವಾಗ ತೆರೆದು ತೋರಿಸಿ.

ವೀಲ್‌ಚೇರ್‌ನವರಿಗೆ ಮಾರ್ಟ್ ಅರ್ಧ ಸರಿ, ಅರ್ಧ ತಪ್ಪು. ನೆಲ ಸಮತಟ್ಟು, ನಿಜ. ಆದರೆ ಸಾಲುಗಳ ನಡುವೆ ಆಫರ್ ಸಾಮಾನಿನ ಗುಡ್ಡೆ, ಬಿಚ್ಚದ ರಟ್ಟಿನ ಡಬ್ಬ, ಏಣಿ. ಕಟ್ಟಿಸಿದಾಗ ಇದ್ದ ಅಗಲ ಸಾಮಾನು ಜೋಡಿಸಿದ ಮೇಲೆ ಇರೋದಿಲ್ಲ. ವೀಲ್‌ಚೇರ್ ತಳ್ಳುವವರು ಟ್ರಾಲಿ ತಳ್ಳೋಕಾಗೋದಿಲ್ಲ, ಆದ್ದರಿಂದ ಒಂದೋ ಮೂರನೆಯವರು ಬೇಕು, ಇಲ್ಲ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಹಗುರದ್ದನ್ನಷ್ಟೇ ಆರಿಸಬೇಕು. ಭಾರದ ಚೀಲವನ್ನು ವೀಲ್‌ಚೇರಿನ ಹಿಂದಿನ ಹಿಡಿಗೆ ತೂಗುಹಾಕಬೇಡಿ. ರ‍್ಯಾಂಪ್ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಹೋಗುವ ಹೊತ್ತೂ ಮುಖ್ಯ. ತಿಂಗಳ ಮೊದಲ ವಾರ ಸಂಬಳದ ಜನ, ಶನಿವಾರ ಭಾನುವಾರ ಮಕ್ಕಳು ಮರಿ. ಹದಿನೈದನೇ ತಾರೀಕಿನ ಆಚೆ, ವಾರದ ನಡುವೆ, ಬಾಗಿಲು ತೆಗೆದ ಹೊಸದರಲ್ಲಿ ಹೋದರೆ ಅದೇ ಮಾರ್ಟ್ ಬೇರೆಯೇ ಅಂಗಡಿ ಅನ್ನಿಸುತ್ತದೆ.

ಮಾಲ್

ದಿನಸಿಗೆ ಮಾಲ್ ಬೇಕಿಲ್ಲ. ಆದರೆ ವೀಲ್‌ಚೇರ್‌ನಲ್ಲಿರುವವರನ್ನು ಹೊರಗೆ ಕರೆದುಕೊಂಡು ಹೋಗಬೇಕು, ಬಟ್ಟೆ ತೆಗೆಸಬೇಕು, ಒಂದು ಕಾಫಿ ಕುಡಿಸಬೇಕು ಅಂದರೆ ಮೈಸೂರಲ್ಲಿ ಮಾಲ್ ಆಫ್ ಮೈಸೂರು, ನೆಕ್ಸಸ್ ಸೆಂಟರ್ ಸಿಟಿ, ಬಿಎಂ ಹ್ಯಾಬಿಟ್ಯಾಟ್ ಇಂಥವೇ ಗತಿ. ಲಿಫ್ಟ್ ಇದೆ, ನೆಲ ನುಣುಪು, ಓಡಾಡಲು ಅಗಲ, ಮಳೆ ಬಿಸಿಲಿನ ಕಾಟ ಇಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಶೌಚಾಲಯ ಇದೆ. ಮಾಲ್‌ನವರೇ ವೀಲ್‌ಚೇರ್ ಕೊಡುತ್ತಾರಾ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಕೊಟ್ಟರೆ ಮನೆಯದನ್ನು ಆಟೋದಲ್ಲಿ ತುರುಕುವ ಕೆಲಸ ಉಳಿಯುತ್ತದೆ.

ಮಂಡಿ ನೋವಿನವರಿಗೆ ಮಾತ್ರ ಮಾಲ್ ಶತ್ರು. ನಡೆಯೋದು ವಿಪರೀತ. ಎಸ್ಕಲೇಟರ್ ಮುಂದೆ ಸೀರೆ ನೆರಿಗೆ ಎತ್ತಿಕೊಂಡು ಮೊದಲ ಹೆಜ್ಜೆ ಇಡಲಾಗದೆ ನಿಂತ ಅಜ್ಜಿಯರನ್ನು ನೋಡಿರುತ್ತೀರಿ. ಹಿಂದಿನಿಂದ ಜನ ಬರುತ್ತಿದ್ದರೆ ಇನ್ನೂ ಗಾಬರಿ. ಬಲವಂತ ಮಾಡಿ ಹತ್ತಿಸಬೇಡಿ, ಲಿಫ್ಟ್ ಎಷ್ಟೇ ದೂರ ಇದ್ದರೂ ಅಲ್ಲಿಗೇ ಹೋಗಿ. ಹೆಚ್ಚು ನಡೆಯಲಾಗದವರೂ ಮಾಲ್‌ನಲ್ಲಿ ವೀಲ್‌ಚೇರ್ ಕೇಳಿ ಕೂರಬಹುದು, ಅದರಲ್ಲಿ ನಾಚಿಕೆ ಏನಿಲ್ಲ. ಅತ್ತೆ ಒಪ್ಪೋದಿಲ್ಲ ಅನ್ನೋದು ಬೇರೆ ಮಾತು.

ಪಾರ್ಕಿಂಗ್ ಬಗ್ಗೆ ಒಂದು ಅಳತೆ. ವಿಕಲಚೇತನರಿಗೆ ಮೀಸಲಾದ ಜಾಗ ಬಾಗಿಲಿನಿಂದ 30 ಮೀಟರ್ ಒಳಗೆ, 3.6 ಮೀಟರ್ ಅಗಲ ಇರಬೇಕು ಅನ್ನೋದು ಮಾರ್ಗಸೂಚಿ. ಅಗಲ ಯಾಕೆ ಅಂದರೆ ಕಾರಿನ ಪಕ್ಕದಲ್ಲಿ ವೀಲ್‌ಚೇರ್ ನಿಲ್ಲಿಸಿ ಇಳಿಸಲು. ನೀಲಿ ಗುರುತು ಬರೆದ ಆ ಜಾಗದಲ್ಲಿ ಬೈಕುಗಳು ನಿಂತಿದ್ದರೆ ಸೆಕ್ಯುರಿಟಿಗೆ ಹೇಳಿ ತೆಗೆಸಿ, ಸುಮ್ನೆ ಹೋಗಬೇಡಿ.

ದೇವರಾಜ ಮಾರುಕಟ್ಟೆ, ಹಾಪ್‌ಕಾಮ್ಸ್, ತಳ್ಳುಗಾಡಿ

ಮೈಸೂರಿನ ಹಳಬರಿಗೆ ದೇವರಾಜ ಮಾರುಕಟ್ಟೆಗೆ ಹೋಗಬೇಡಿ ಅಂತ ಹೇಳೋದು ಸುಲಭವಲ್ಲ. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಈರನಗೆರೆ ಬದನೆ ಇವನ್ನು ಮುಟ್ಟಿ ಮೂಸಿ ತಂದರೇ ಅವರಿಗೆ ಸಮಾಧಾನ. ಆದರೆ ನನ್ನ ಲೆಕ್ಕದಲ್ಲಿ ಬಾಗಿಲು, ಅಗಲ, ಶೌಚಾಲಯ ಯಾವುದರಲ್ಲೂ ಅದು ಪಾಸಾಗೋದಿಲ್ಲ. ಒಳಗಿನ ಓಣಿಗಳು ಇಕ್ಕಟ್ಟು, ತರಕಾರಿ ಹೂವಿನ ಸಾಲಿನಲ್ಲಿ ನೆಲ ಒದ್ದೆ, ಮೂಟೆ ಹೊತ್ತವರು "ಸೈಡ್ ಸೈಡ್" ಅಂತ ಬರುತ್ತಿರುತ್ತಾರೆ. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿದಿತ್ತು, ಕೆಡವಬೇಕಾ ಉಳಿಸಬೇಕಾ ಅನ್ನುವ ಜಗ್ಗಾಟ ಆಮೇಲೆ ವರ್ಷಗಟ್ಟಲೆ ನಡೆಯಿತು. ಕೋಲು ಹಿಡಿದು ನಡೆಯಬಲ್ಲವರು ಬೆಳಿಗ್ಗೆ ಬೇಗ, ಜೊತೆಗೆ ಒಬ್ಬರನ್ನು ಕರೆದುಕೊಂಡು, ಒಂದೇ ಸಾಲು ನೋಡಿಕೊಂಡು ಬರಬಹುದು. ವೀಲ್‌ಚೇರ್‌ಗೆ ಬೇಡ.

ಇದಕ್ಕೆ ಬದಲಿ ಹಾಪ್‌ಕಾಮ್ಸ್ ಮಳಿಗೆ. ಬಹಳಷ್ಟು ಮಳಿಗೆ ರಸ್ತೆ ಬದಿಯಲ್ಲೇ ಇರುವುದರಿಂದ ಒಳಗೆ ಹತ್ತುವ ಪ್ರಶ್ನೆ ಇಲ್ಲ. ರೇಟು ಬೋರ್ಡಿನಲ್ಲಿ ಬರೆದಿರುತ್ತದೆ, ಚೌಕಾಸಿ ಮಾಡಿ ಗಂಟಲು ಒಣಗಿಸಬೇಕಿಲ್ಲ. ಆಯ್ಕೆ ಕಮ್ಮಿ, ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಬಾಡಿರುತ್ತದೆ.

ತಳ್ಳುಗಾಡಿ ಇನ್ನೂ ಸುಲಭ. ಗೇಟಿನವರೆಗೆ ಬರುತ್ತದೆ, ವೀಲ್‌ಚೇರ್‌ನಲ್ಲಿ ಕೂತೇ ಟೊಮೆಟೊ ಆರಿಸಬಹುದು. ನಮ್ಮ ಮಾವ ದಿನಾ ಬೆಳಿಗ್ಗೆ ಸೊಪ್ಪಿನ ಗಾಡಿಯವರ ಜೊತೆ ಎರಡು ರೂಪಾಯಿಗೆ ಜಗಳ ಆಡುತ್ತಾರೆ. ಆ ಜಗಳ ನಿಲ್ಲಿಸೋಕೆ ನಾವ್ಯಾರೂ ಹೋಗೋದಿಲ್ಲ.

ಆ್ಯಪ್

ಬಿಗ್‌ಬ್ಯಾಸ್ಕೆಟ್, ಇನ್‌ಸ್ಟಾಮಾರ್ಟ್ ಥರದವು ಮೈಸೂರಲ್ಲಿವೆ. ಭಾರದ ಸಾಮಾನಿಗೆ ಇದನ್ನು ಮೀರಿಸಿದ್ದಿಲ್ಲ. ಹತ್ತು ಕೆಜಿ ಅಕ್ಕಿ, ಐದು ಲೀಟರ್ ಎಣ್ಣೆ, ಹಿರಿಯರ ಡೈಪರ್ ಬಾಗಿಲಿಗೇ ಬರುತ್ತದೆ. ಡೈಪರ್ ಅನ್ನು ಗುರುತಿನ ಅಂಗಡಿಯಲ್ಲಿ ಕೇಳಲು ಮುಜುಗರ ಪಡುವವರು ಬಹಳ.

ಕಷ್ಟ ಎಲ್ಲಿ ಅಂದರೆ, ಅಕ್ಷರ ಚಿಕ್ಕದು, ನಡುವೆ ಹಾರಿ ಬರುವ ಜಾಹೀರಾತು, ಒಟಿಪಿ. ಡೆಲಿವರಿ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕ, ಕಮ್ಮಿ ಮೊತ್ತದ ಆರ್ಡರ್‌ಗೆ ಇನ್ನೊಂದು ಶುಲ್ಕ, ಹೀಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಿಂತ ಅದನ್ನು ತಂದಿದ್ದಕ್ಕೇ ಜಾಸ್ತಿ ಆಗಿಬಿಡುತ್ತದೆ. ಅಪ್ಪ ಅಮ್ಮ ಮೈಸೂರಲ್ಲಿ, ಮಕ್ಕಳು ಬೇರೆ ಊರಲ್ಲಿ ಇರುವ ಮನೆಗಳಲ್ಲಿ ಮಕ್ಕಳೇ ತಮ್ಮ ಫೋನಿನಿಂದ ಆರ್ಡರ್ ಹಾಕಿ, ದುಡ್ಡೂ ಅಲ್ಲಿಂದಲೇ ಕೊಟ್ಟುಬಿಡೋದು ಒಳ್ಳೆಯದು. ಹಿರಿಯರ ಫೋನಿಗೆ ಯುಪಿಐ ಹಾಕಿ ಕಲಿಸುವುದಾದರೆ ಬೇರೆ ಸಣ್ಣ ಖಾತೆಗೆ ಜೋಡಿಸಿ. "ನಿಮ್ಮ ಆರ್ಡರ್ ನಿಂತಿದೆ, ಒಟಿಪಿ ಹೇಳಿ" ಅಂತ ಕರೆ ಬಂದು ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನೋದನ್ನು ಫ್ರಿಜ್ ಮೇಲೆ ದಪ್ಪಗೆ ಬರೆದು ಅಂಟಿಸಿ.

ಪೂರ್ತಿ ಆ್ಯಪ್‌ಗೇ ಬದಲಾಯಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ದಿನಕ್ಕೊಂದು ಸಲ ಅಂಗಡಿವರೆಗೆ ನಡೆದು ಬರುತ್ತಿದ್ದವರು ಅದನ್ನೂ ಬಿಟ್ಟರೆ ಕಾಲು ಇನ್ನೂ ಹಿಡಿದುಕೊಳ್ಳುತ್ತದೆ, ನಾಲ್ಕು ಮಾತೂ ತಪ್ಪುತ್ತದೆ.

ಕಣ್ಣು, ಕಿವಿ

ಇಲ್ಲಿ ಲೆಕ್ಕ ತಿರುಗಿಬಿಡುತ್ತದೆ. ಕಣ್ಣು ಕಾಣದವರಿಗೆ ಮಾರ್ಟ್ ದೊಡ್ಡ ಒಗಟು. ಎಲ್ಲ ಪ್ಯಾಕೆಟ್ಟೂ ಕೈಗೆ ಒಂದೇ ಥರ, ಓದಿ ಹೇಳೋರು ಯಾರೂ ಇಲ್ಲ. ಬಾಯಿಮಾತಲ್ಲೇ ನಡೆಯುವ ಬೀದಿ ಅಂಗಡಿ ಅವರಿಗೆ ಸರಿ. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಮಣಿ ಅನ್ನುವ ಆ್ಯಪ್ ಇದೆ, ನೋಟಿನ ಮುಂದೆ ಫೋನ್ ಹಿಡಿದರೆ ಎಷ್ಟು ರೂಪಾಯಿ ಅಂತ ಹೇಳುತ್ತದೆ. ಪರದೆ ಮೇಲಿರೋದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಬಳಸುವವರು ದಿನಸಿ ಆ್ಯಪ್‌ಗಳನ್ನೂ ನೋಡಬಹುದು. ಆದರೆ ಎಲ್ಲ ಗುಂಡಿಯನ್ನೂ ಅದು ಓದಿ ಹೇಳುತ್ತದಾ ಅಂತ ಒಂದು ಸಣ್ಣ ಆರ್ಡರ್ ಹಾಕಿ ಮೊದಲು ಪರೀಕ್ಷೆ ಮಾಡಿಕೊಳ್ಳಿ.

ಕಿವಿ ಕೇಳದವರಿಗೆ ಇದರ ಉಲ್ಟಾ. ಗದ್ದಲದ ಕೌಂಟರಿನಲ್ಲಿ ಕೂಗಾಡೋದಕ್ಕಿಂತ ರೇಟು ಬರೆದಿಟ್ಟ, ತಾವೇ ಎತ್ತಿಕೊಳ್ಳುವ ಮಾರ್ಟ್ ಎಷ್ಟೋ ಸಲೀಸು. ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇರುವ ಊರು ನಮ್ಮದು, ಶ್ರವಣ ಸಾಧನ ಹಾಕಿಕೊಂಡವರು ಇಲ್ಲಿ ಹೊಸಬರಲ್ಲ. ಆದರೂ ಬಿಲ್ಲಿನ ಮೊತ್ತವನ್ನು ಬಾಯಲ್ಲಿ ಹೇಳಿ, ಕೇಳಿಸದಿದ್ದರೆ ರೇಗುವವರು ಇದ್ದಾರೆ. ಪರದೆಯನ್ನು ನಮ್ಮ ಕಡೆ ತಿರುಗಿಸಿ ಅನ್ನಿ, ಮುಗಿಯಿತು.

ದುಡ್ಡಿನ ಲೆಕ್ಕ

ಮಾರ್ಟ್‌ನಲ್ಲಿ ಎರಡು ಸಾವಿರದ ಸಾಮಾನಿಗೆ ಇನ್ನೂರು ಉಳಿಯಿತು ಅಂದುಕೊಳ್ಳಿ. ಹೋಗಿಬರುವ ಆಟೋಗೆ ನೂರೈವತ್ತು ಕೊಟ್ಟರೆ ಉಳಿದದ್ದು ಐವತ್ತು. ಮಗ ಅರ್ಧ ದಿನ ರಜೆ ಹಾಕಿ ಕಾರಲ್ಲಿ ಕರೆದುಕೊಂಡು ಹೋದರೆ ಅದೂ ಇಲ್ಲ. ತಿಂಗಳಿಗೆ ಆರೇಳು ಸಾವಿರದ ದಿನಸಿ ತರುವ ದೊಡ್ಡ ಮನೆಗೆ ಮಾರ್ಟ್ ಗಿಟ್ಟುತ್ತದೆ. ಪಿಂಚಣಿಯಲ್ಲಿ ಬದುಕುವ ಇಬ್ಬರೇ ಇರುವ ಮನೆಗೆ, ಅವರಿಗೆ ಬೇಕಾದ ಕಾಲು ಕೆಜಿ, ಅರ್ಧ ಕೆಜಿ ಲೆಕ್ಕಕ್ಕೆ ಬೀದಿ ಅಂಗಡಿಯೇ ಅಗ್ಗ. ಒಂದು ಕೊಂಡರೆ ಒಂದು ಉಚಿತ ಅಂತ ತಂದ ಎರಡನೇ ಪ್ಯಾಕೆಟ್ ಅವಧಿ ಮುಗಿದು ಕಸಕ್ಕೆ ಹೋಗೋದು ಇಂಥ ಮನೆಗಳಲ್ಲೇ.

ಕೇಳೋದು ಹೇಗೆ

ರ‍್ಯಾಂಪ್, ಅಗಲದ ಬಾಗಿಲು ಇವೆಲ್ಲ ಅಂಗಡಿಯವರ ದಯೆ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಸರ್ಕಾರಿಯದ್ದು ಮಾತ್ರ ಅಲ್ಲ. ಜನ ಬಳಸುವ ಖಾಸಗಿ ವ್ಯಾಪಾರಿ ಕಟ್ಟಡವೂ ಸೇರುತ್ತದೆ. ಹಳೆ ಕಟ್ಟಡ ಸರಿಪಡಿಸಲು ನಿಯಮ ಬಂದ ದಿನದಿಂದ 5 ವರ್ಷ ಕೊಟ್ಟಿದ್ದರು, ನಿಯಮ ಬಂದದ್ದು 2017ರಲ್ಲಿ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ ದಂಡ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ರ‍್ಯಾಂಪ್, ಬಾಗಿಲಿನಂಥ ಈ ಅಳತೆಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

ಹಾಗಂತ ಚಿಕ್ಕ ಅಂಗಡಿಯವರ ಮುಂದೆ ಕಾಯ್ದೆ ಓದೋದು ನನಗೆ ಸರಿ ಕಾಣೋದಿಲ್ಲ. ಅವರ ಹತ್ತಿರ "ಒಂದು ಸ್ಟೂಲ್ ಹೊರಗಿಡಿ, ಕಟ್ಟೆ ಪಕ್ಕ ಒಂದು ಕಂಬಿ ಹಾಕಿಸಿ" ಅಂತ ಕೇಳಿದರೆ ಮಾಡಿಸುತ್ತಾರೆ, ಅವರಿಗೂ ಗಿರಾಕಿ ಬೇಕು. ಕಾಯ್ದೆ ಮಾತು ದೊಡ್ಡವರ ಹತ್ತಿರ. ಮ್ಯಾನೇಜರ್‌ಗೆ ಬಾಯಲ್ಲಿ ಹೇಳೋದಕ್ಕಿಂತ ಮೇಲ್ ಮಾಡಿ, ಫೋಟೋ ಹಾಕಿ. ಕೇಂದ್ರ ಸರ್ಕಾರದ ಸುಗಮ್ಯ ಭಾರತ್ ಆ್ಯಪ್‌ನಲ್ಲೂ ಫೋಟೋ ಸಮೇತ ದೂರು ಹಾಕಬಹುದು. ಬಿಲ್ಲು, ವಾಪಸಾತಿ ವಿಷಯದ ತಕರಾರಿಗೆ ಗ್ರಾಹಕ ಸಹಾಯವಾಣಿ 1915, ಹಿರಿಯ ನಾಗರಿಕರಿಗೇ ಅಂತ 14567 ಇದೆ.

ಹಾಗಾದರೆ ಯಾರಿಗೆ ಯಾವುದು

ಮಂಡಿ ನೋವಿನ ಅಮ್ಮನಿಗೆ: ವಾರದ ಸಾಮಾನು ಬೀದಿ ಅಂಗಡಿ, ತರಕಾರಿ ತಳ್ಳುಗಾಡಿ, ತಿಂಗಳಿಗೊಮ್ಮೆ ನೆಲಮಟ್ಟದ ಒಂದು ಮಾರ್ಟ್, ಜೊತೆಗೆ ಯಾರಾದರೂ. ಟ್ರಾಲಿ ಅವರ ಕೈಗೇ ಕೊಡಿ, ನೀವು ಬಗ್ಗಿ ಎತ್ತುವ ಕೆಲಸ ಮಾಡಿ.

ವೀಲ್‌ಚೇರ್‌ನವರಿದ್ದರೆ ದಿನಸಿಗೆ ಆ್ಯಪ್ ಅಥವಾ ಚೀಟಿ, ತಿರುಗಾಟಕ್ಕೆ ಮಾಲ್, ಅದೂ ವಾರದ ದಿನ. ಮಾರ್ಟ್‌ಗೆ ಹೋಗಲೇಬೇಕೆಂದರೆ ಮೊದಲು ನೀವೊಬ್ಬರೇ ಹೋಗಿ ಟೇಪ್ ಹಿಡಿದು ನೋಡಿಕೊಂಡು ಬನ್ನಿ.

ಬೆಂಗಳೂರಲ್ಲಿರುವ ಮಕ್ಕಳು ಅಕ್ಕಿ, ಎಣ್ಣೆ, ಡೈಪರನ್ನು ಆ್ಯಪ್‌ನಲ್ಲಿ ಹಾಕಿ, ಉಳಿದದ್ದನ್ನು ಅಪ್ಪ ಅಮ್ಮನಿಗೇ ಬಿಡಿ. ಮುಂದಿನ ಸಲ ಊರಿಗೆ ಬಂದಾಗ ಬೀದಿ ಅಂಗಡಿಯವರ ನಂಬರ್ ತೆಗೆದುಕೊಂಡು ಹೋಗಿ. ಎರಡು ದಿನ ಅಂಗಡಿ ಕಡೆ ಬರದಿದ್ದರೆ ಒಂದು ಫೋನ್ ಮಾಡಿ ಅಂತ ಅವರಿಗೆ ಹೇಳಿಟ್ಟಿರಿ.

ಮತ್ತೆ ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ಎರಡು ದಿನ ಸಯ್ಯಾಜಿ ರಾವ್ ರಸ್ತೆ ಕಡೆ ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ದಸರಾ ಸಮಯದಲ್ಲಿ ಅರಮನೆ ಸುತ್ತ ರಸ್ತೆ ಬದಲಾವಣೆ ಇರುತ್ತದೆ, ಆಟೋದವರು ಎಲ್ಲೋ ದೂರದಲ್ಲಿ ಇಳಿಸಿಬಿಡುತ್ತಾರೆ. ಹೂವಿಗೆ ಬಡಾವಣೆಯ ಹೂವಿನವರಿಗೆ ಹಿಂದಿನ ದಿನವೇ ಹೇಳಿಟ್ಟರೆ ಬೆಳಿಗ್ಗೆ ಗೇಟಿಗೆ ತೂಗುಹಾಕಿ ಹೋಗುತ್ತಾರೆ.